ಹೊತ್ತಿದ ಕೂಡಲೇ ಆರಿದ ರಾಕೆಟ್ ಇಂಜಿನ್: ಉಪಕಕ್ಷೀಯ ನೌಕೆಯ ಪರೀಕ್ಷಾ ಹಾರಾಟದಲ್ಲಿ ದೋಷ ಪತ್ತೆ ಮಾಡುವ ಕ್ರಮ

ದೋಷದ ಲಕ್ಷಣ ಹೀಗಿದೆ. ವಾಹಕ ವಿಮಾನವು ನೌಕೆಯನ್ನು ಎತ್ತರಕ್ಕೆ ಒಯ್ದು ಬಿಡುಗಡೆ ಮಾಡುತ್ತದೆ, ಪೈಲಟ್ ಇಂಜಿನ್ ಹೊತ್ತಿಸುವ ಗುಂಡಿ ಒತ್ತುತ್ತಾರೆ, ಬಾಲದಲ್ಲಿ ಬೆಂಕಿ ಕಾಣಿಸಿಕೊಂಡು ಮರುಕ್ಷಣವೇ ಆರಿಹೋಗುತ್ತದೆ. ನೌಕೆ ಗ್ಲೈಡರ್‌ನಂತೆ ತೇಲಿಕೊಂಡು ಬಂದು ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿಯುತ್ತದೆ. ಯಾರಿಗೂ ಗಾಯವಾಗಿಲ್ಲ, ನೌಕೆಗೆ ಕಣ್ಣಿಗೆ ಕಾಣುವ ಹಾನಿಯೂ ಆಗಿಲ್ಲ. ಹಾಗಿದ್ದರೆ ಇಂಜಿನ್ ಏಕೆ ಆರಿತು?

2020ರ ಡಿಸೆಂಬರ್ 12ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಸ್ಪೇಸ್‌ಪೋರ್ಟ್ ಅಮೆರಿಕದಿಂದ ಹಾರಿದ ವರ್ಜಿನ್ ಗ್ಯಾಲಾಕ್ಟಿಕ್ ಕಂಪನಿಯ ವಿಎಸ್‌ಎಸ್ ಯೂನಿಟಿ ನೌಕೆಯಲ್ಲಿ ಆದದ್ದು ಇದೇ. ಡೇವಿಡ್ ಮೆಕೇ ಮತ್ತು ಸಿ.ಜೆ. ಸ್ಟರ್ಕೋ ಎಂಬ ಇಬ್ಬರು ಅನುಭವಿ ಪೈಲಟ್‌ಗಳು ನೌಕೆಯನ್ನು ಹೊರಟ ರನ್‌ವೇಗೇ ತಂದು ಇಳಿಸಿದರು. ಪ್ರವಾಸಿಗರನ್ನು ಬಾಹ್ಯಾಕಾಶದ ಅಂಚಿಗೆ ಒಯ್ಯಲೆಂದೇ ಕಟ್ಟಿದ ಉಪಕಕ್ಷೀಯ ನೌಕೆಯಲ್ಲಿ, ಅಂದರೆ ಭೂಮಿಯನ್ನು ಸುತ್ತದೆ ಮೇಲೇರಿ ಮರಳುವ ನೌಕೆಯಲ್ಲಿ, ಇಂಥ ದೋಷ ಕಂಡಾಗ ಅದರ ಬೇರನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಈ ಬರಹ ವಿವರಿಸುತ್ತದೆ.

ರಾಯಚೂರು, ಬಳ್ಳಾರಿ, ಕೊಪ್ಪಳದ ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಶಕ್ತಿನಗರದ ಅಥವಾ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಕ್ಕೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ತರಬೇತಿಗೆಂದು ಹೋದವರು ‘ಟ್ರಿಪ್’ ಎಂಬ ಮಾತನ್ನು ಮೊದಲ ದಿನವೇ ಕೇಳಿರುತ್ತಾರೆ. ಓಡುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ನಿಲ್ಲುವುದೇ ಟ್ರಿಪ್. ಬಾಯ್ಲರ್ ಟ್ರಿಪ್ ಆದಾಗ ಕಂಟ್ರೋಲ್ ರೂಮಿನಲ್ಲಿ ನಡೆಯುವ ವಿಚಾರಣೆಗೂ ರಾಕೆಟ್ ಇಂಜಿನ್ ಆರಿದಾಗ ನಡೆಯಬೇಕಾದ ವಿಚಾರಣೆಗೂ ಬುಡದಲ್ಲಿ ವ್ಯತ್ಯಾಸವಿಲ್ಲ. ಎರಡರಲ್ಲೂ ಮೊದಲ ಪ್ರಶ್ನೆ ಒಂದೇ: ಯಂತ್ರ ತಾನಾಗಿ ನಿಂತಿತೋ, ಅಥವಾ ಯಾವುದಾದರೂ ರಕ್ಷಣಾ ವ್ಯವಸ್ಥೆ ಅದನ್ನು ನಿಲ್ಲಿಸಿತೋ? ಇದಕ್ಕೆ ಉತ್ತರ ಸಿಗುವವರೆಗೆ ಇಂಜಿನ್‌ನ ಒಂದು ಬೋಲ್ಟನ್ನೂ ಬಿಚ್ಚಬಾರದು. ಬಿಚ್ಚಿದರೆ ಸಾಕ್ಷ್ಯ ಹಾಳಾಗುತ್ತದೆ. ಅಷ್ಟೇ ಅಲ್ಲ, ಬಿಚ್ಚಿ ಜೋಡಿಸಿದ ಕೆಲಸವೇ ಇನ್ನೊಂದು ದೋಷಕ್ಕೆ ದಾರಿ ಮಾಡಿಕೊಡಬಹುದು.

ಇಳಿದ ನೌಕೆಯ ಹತ್ತಿರ ಹೋಗುವ ಮೊದಲು

ಯೂನಿಟಿಯಲ್ಲಿದ್ದದ್ದು ಹೈಬ್ರಿಡ್ ಇಂಜಿನ್. ಇದರಲ್ಲಿ ಇಂಧನವು ರಬ್ಬರಿನಂಥ ಘನವಸ್ತು, ಅದನ್ನು ಉರಿಸುವ ಉತ್ಕರ್ಷಕವು ದ್ರವರೂಪದ ನೈಟ್ರಸ್ ಆಕ್ಸೈಡ್. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ನೀಲಿ ಸಿಲಿಂಡರಿನಲ್ಲಿ ಬರುವ ಅನಿಲವೇ ಇದು. ರೋಗಿಗೆ ಕೊಡುವ ಅನಿಲ ಎಂಬ ಕಾರಣಕ್ಕೆ ಇದನ್ನು ಹಗುರವಾಗಿ ಕಾಣುವವರಿದ್ದಾರೆ, ಅದು ಬಹಳ ಅಪಾಯಕಾರಿ. ನೈಟ್ರಸ್ ಆಕ್ಸೈಡ್ ಇಂಧನದ ನೆರವಿಲ್ಲದೆ ತಾನೇ ಒಡೆದು ಶಾಖ ಬಿಡುಗಡೆ ಮಾಡಬಲ್ಲದು. 2007ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ, ಬೆಂಕಿಯನ್ನೇ ಹಚ್ಚದೆ ಈ ದ್ರವದ ಹರಿವನ್ನಷ್ಟೇ ಪರೀಕ್ಷಿಸುತ್ತಿದ್ದಾಗ ಸ್ಫೋಟ ಸಂಭವಿಸಿ ಮೂವರು ಸತ್ತರು, ಮೂವರು ಗಾಯಗೊಂಡರು.

ಇಂಜಿನ್ ಆರಂಭದಲ್ಲೇ ಆರಿದರೆ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ಪೂರ್ತಿ ದ್ರವ ಉಳಿದಿರುತ್ತದೆ. ಇಳಿಯುವ ಮುನ್ನ ಅದನ್ನು ಗಾಳಿಗೆ ಹೊರಚೆಲ್ಲಿದ್ದರೂ ಪೈಪುಗಳಲ್ಲಿ, ವಾಲ್ವಿನ ಹಿಂದೆ ಶೇಷ ಇದ್ದೇ ಇರುತ್ತದೆ ಎಂದು ಭಾವಿಸಿಯೇ ಕೆಲಸ ಮಾಡಬೇಕು. ನೈಟ್ರಸ್ ಆಕ್ಸೈಡಿನ ಕ್ರಾಂತಿಕ ತಾಪಮಾನ ಸುಮಾರು 36.4 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದರೆ ದ್ರವ, ಆವಿ ಎಂಬ ಭೇದವೇ ಉಳಿಯುವುದಿಲ್ಲ, ಒತ್ತಡ 72 ಬಾರ್‌ಗಿಂತ ಮೇಲೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ನೆರಳಿನಲ್ಲೇ 40 ಡಿಗ್ರಿ ದಾಟುವುದನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ನಿಂತ ಟ್ಯಾಂಕು ಬರೀ ಹವೆಯ ಶಾಖದಿಂದಲೇ ಆ ಗಡಿಯನ್ನು ದಾಟುತ್ತದೆ. ಆದ್ದರಿಂದ ಟ್ಯಾಂಕಿನ ಒತ್ತಡ ಮತ್ತು ತಾಪಮಾನವನ್ನು ದೂರದಿಂದಲೇ ಓದಿ, ಪೂರ್ತಿ ಖಾಲಿಯಾಗಿದೆ ಎಂದು ಎರಡು ಬೇರೆ ಬೇರೆ ಸೆನ್ಸರ್‌ಗಳಿಂದ ಖಚಿತಪಡಿಸಿಕೊಂಡು, ಬರವಣಿಗೆಯಲ್ಲಿ ಪರ್ಮಿಟ್ ಸಿಕ್ಕ ಮೇಲಷ್ಟೇ ಹತ್ತಿರ ಹೋಗಬೇಕು.

ಹತ್ತಿರ ಹೋದವರು ಮಾಡಬಾರದ ಕೆಲಸವೊಂದಿದೆ: ಕಂಪ್ಯೂಟರ್‌ಗಳ ಪವರ್ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಎಷ್ಟು ಸಲ ರೀಸ್ಟಾರ್ಟ್ ಆಯಿತು, ಕೊನೆಯ ರೀಸ್ಟಾರ್ಟ್‌ಗೆ ಕಾರಣವೇನು ಎಂಬ ಮಾಹಿತಿಯನ್ನು ಕೆಲವು ಕಂಪ್ಯೂಟರ್‌ಗಳು ವಿದ್ಯುತ್ ಹೋದೊಡನೆ ಅಳಿಸಿಹೋಗುವ ಸ್ಮೃತಿಯಲ್ಲೇ ಇಟ್ಟಿರುತ್ತವೆ. ಜನರ ಸುರಕ್ಷತೆಗೆ ಪವರ್ ಕಡಿಯುವುದೇ ಅಗತ್ಯವಾದರೆ ಹಿಂದೆಮುಂದೆ ನೋಡದೆ ಕಡಿಯಬೇಕು. ಅಂಥ ಅಗತ್ಯವಿಲ್ಲದಿದ್ದರೆ ಮೊದಲು ದತ್ತಾಂಶದ ನಕಲು ತೆಗೆದು, ಆಮೇಲೆ ಪವರ್ ಆಫ್ ಮಾಡಬೇಕು.

ಗಡಿಯಾರಗಳನ್ನು ಒಂದುಗೂಡಿಸುವುದು

ನೌಕೆಯಲ್ಲಿ ದಾಖಲೆ ಮಾಡುವ ಸಾಧನ ಒಂದೇ ಇರುವುದಿಲ್ಲ. ದಹನ ಕೋಷ್ಠದ ಒತ್ತಡವನ್ನು ಒಂದು ಸಾಧನ ಸೆಕೆಂಡಿಗೆ ಸಾವಿರ ಸಲ ಬರೆದುಕೊಳ್ಳುತ್ತಿದ್ದರೆ, ಕಂಪ್ಯೂಟರಿನ ಆರೋಗ್ಯಸ್ಥಿತಿಯನ್ನು ಇನ್ನೊಂದು ಸಾಧನ ಸೆಕೆಂಡಿಗೆ ಹತ್ತೇ ಸಲ ಬರೆಯುತ್ತಿರಬಹುದು. ನೆಲದ ಕೇಂದ್ರಕ್ಕೆ ರೇಡಿಯೋ ಮೂಲಕ ಬಂದ ಅಳತೆಗಳಲ್ಲಿ (ಟೆಲಿಮೆಟ್ರಿ) ಸಾಗಣೆಯ ವಿಳಂಬ ಬೇರೆ ಸೇರಿರುತ್ತದೆ. ಇಂಜಿನ್ ಹೊತ್ತಿ ಆರುವುದೆಲ್ಲ ಒಂದು ಸೆಕೆಂಡಿನೊಳಗೆ ಮುಗಿಯುವಾಗ, ಹತ್ತನೇ ಒಂದು ಸೆಕೆಂಡಿನ ವ್ಯತ್ಯಾಸವೂ ಕಾರಣವನ್ನು ಪರಿಣಾಮವಾಗಿ, ಪರಿಣಾಮವನ್ನು ಕಾರಣವಾಗಿ ತೋರಿಸಿಬಿಡುತ್ತದೆ.

ಎಲ್ಲ ದಾಖಲೆಗಳಲ್ಲೂ ತಪ್ಪದೆ ಕಾಣುವ ಒಂದು ಘಟನೆಯನ್ನು ಆರಿಸಿಕೊಂಡು ಗಡಿಯಾರಗಳನ್ನು ಅದಕ್ಕೆ ಹೊಂದಿಸುವುದು ಉತ್ತಮ. ನೌಕೆ ವಾಹಕ ವಿಮಾನದಿಂದ ಕಳಚಿಕೊಳ್ಳುವ ಕ್ಷಣ ಇದಕ್ಕೆ ಹೇಳಿಮಾಡಿಸಿದಂತಿದೆ. ಕೊಕ್ಕೆಯ ಸ್ವಿಚ್ ತೆರೆಯುತ್ತದೆ, ವೇಗೋತ್ಕರ್ಷ ಮಾಪಕ ಆ ಕ್ಷಣವೇ ಥಟ್ಟನೆ ಕುಸಿಯುತ್ತದೆ, ಕ್ಯಾಮೆರಾದಲ್ಲಿ ವಾಹಕ ವಿಮಾನ ಮೇಲಕ್ಕೆ ಸರಿದಂತೆ ಕಾಣುತ್ತದೆ. ಈ ಮೂರನ್ನೂ ಒಂದೇ ಗೆರೆಗೆ ತಂದು ನಿಲ್ಲಿಸಿದ ಮೇಲೆ ಉಳಿದದ್ದನ್ನು ಓದಬೇಕು. ಇಷ್ಟಾದರೂ, ಸೆಕೆಂಡಿಗೆ ಹತ್ತು ಸಲ ಬರೆಯುವ ದಾಖಲೆಯ ಎರಡು ಬಿಂದುಗಳ ನಡುವೆ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂದು ಆ ದಾಖಲೆಯೊಂದರಿಂದಲೇ ಹೇಳಲಾಗದು. ಸ್ಥಾವರಗಳಲ್ಲಿ ಟ್ರಿಪ್‌ನ ಮೊದಲ ಕಾರಣವನ್ನು ಹಿಡಿಯಲೆಂದೇ ಮಿಲಿಸೆಕೆಂಡ್ ಮಟ್ಟದ ಘಟನಾ ಸರಣಿ ದಾಖಲೆಯನ್ನು ಪ್ರತ್ಯೇಕವಾಗಿ ಇಟ್ಟಿರುವುದು ಈ ಕಾರಣಕ್ಕೇ. ಪರೀಕ್ಷಾ ಹಾರಾಟದ ನೌಕೆಯಲ್ಲಿ ಅಂಥ ದಾಖಲೆ ಇಲ್ಲದಿದ್ದರೆ, ಮುಂದಿನ ಹಾರಾಟಕ್ಕೆ ಮೊದಲು ಅಳವಡಿಸಬೇಕಾದದ್ದು ಅದನ್ನೇ.

ನಾಲ್ಕು ಗೆರೆಗಳನ್ನು ಓದುವುದು

ಕಂಪ್ಯೂಟರ್ ಪರದೆಯ ಮೇಲೆ ನೂರಾರು ಗೆರೆಗಳನ್ನು ಹರಡಿಕೊಂಡು ಕೂರುವ ಮುನ್ನ ನಾಲ್ಕನ್ನು ಮಾತ್ರ ಒಂದರ ಕೆಳಗೊಂದು ಇಟ್ಟು ನೋಡಬೇಕು: ಹೊತ್ತಿಸುವ ಆದೇಶ, ಉತ್ಕರ್ಷಕದ ಮುಖ್ಯ ವಾಲ್ವಿನ ಸ್ಥಾನ, ದಹನ ಕೋಷ್ಠದ ಒತ್ತಡ, ನಿಯಂತ್ರಣ ಕಂಪ್ಯೂಟರಿಗೆ ಸಿಗುವ ವೋಲ್ಟೇಜ್.

ಆದೇಶ ಹೋಗಿ, ವಾಲ್ವ್ ತೆರೆದು, ಒತ್ತಡ ಏರದೇ ಇದ್ದರೆ ಗುಮಾನಿ ಬೆಂಕಿ ಹೊತ್ತಿಸುವ ಸಾಧನವಾದ ಇಗ್ನೈಟರ್ ಮೇಲೆ. ಇದು ಸರಳ ಪ್ರಕರಣ.

ವಾಲ್ವ್ ಪೂರ್ತಿ ತೆರೆದೇ ಇರುವಾಗ ಒತ್ತಡ ಇಳಿಯಲು ಶುರುವಾಗಿದ್ದರೆ ದೋಷ ನಿಜಕ್ಕೂ ದ್ರವದ ಹರಿವಿನಲ್ಲೋ ದಹನದಲ್ಲೋ ಇದೆ. ಇಲ್ಲಿ ಟ್ಯಾಂಕಿನ ತಾಪಮಾನವನ್ನು ತಪ್ಪದೆ ನೋಡಬೇಕು. ನೈಟ್ರಸ್ ಆಕ್ಸೈಡ್ ತನ್ನ ಆವಿಯ ಒತ್ತಡದಿಂದಲೇ ತನ್ನನ್ನು ತಳ್ಳಿಕೊಳ್ಳಬಲ್ಲ ದ್ರವ. 20 ಡಿಗ್ರಿಯಲ್ಲಿ ಆ ಒತ್ತಡ ಸುಮಾರು 50 ಬಾರ್ ಇದ್ದರೆ, 0 ಡಿಗ್ರಿಯಲ್ಲಿ ಸುಮಾರು 31 ಬಾರ್‌ಗೆ ಇಳಿಯುತ್ತದೆ. ವಾಹಕ ವಿಮಾನದ ಕೆಳಗೆ ತೂಗಿಕೊಂಡು 13 ಕಿಲೋಮೀಟರ್ ಎತ್ತರದ ಕೊರೆಯುವ ಚಳಿಯವರೆಗೆ ಏರುವ ನೌಕೆಯಲ್ಲಿ ಟ್ಯಾಂಕ್ ತಣ್ಣಗಾದರೆ ಇಂಜಿನ್ನಿಗೆ ಸಿಗುವ ಒತ್ತಡವೂ ಕುಗ್ಗುತ್ತದೆ. ನೆಲದ ಪರೀಕ್ಷೆಯಲ್ಲಿ ಚೆನ್ನಾಗಿ ಉರಿದ ಇಂಜಿನ್ ಮೇಲೆ ಹೋದಾಗ ಬೇರೆ ರೀತಿ ವರ್ತಿಸಿದರೆ ಈ ಚಳಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಒತ್ತಡದ ಗೆರೆ ಒಂದೇ ಬಿಂದುವಿನಲ್ಲಿ ನೇರವಾಗಿ ಸೊನ್ನೆಗೆ, ಅಥವಾ ಸೊನ್ನೆಗಿಂತ ಕೆಳಗೆ ಬಿದ್ದಿದ್ದರೆ ಇಂಜಿನ್ನನ್ನು ಬಿಟ್ಟು ತಂತಿಯನ್ನು ನೋಡಬೇಕು. ಬಿಸಿ ಅನಿಲ ತುಂಬಿದ ಕೋಷ್ಠ ಖಾಲಿಯಾಗಲು ಸಮಯ ಬೇಕು, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅದು ಬರಿದಾಗುವುದು ಸಾಧ್ಯವಿಲ್ಲ. 4ರಿಂದ 20 ಮಿಲಿಆಂಪ್ ಸಂಕೇತದೊಂದಿಗೆ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ವಿಷಯ. ಅಲ್ಲಿ ಸೊನ್ನೆ ಒತ್ತಡಕ್ಕೂ 4 ಮಿಲಿಆಂಪ್ ಹರಿಯುತ್ತಿರುತ್ತದೆ, ಏನೂ ಹರಿಯದಿದ್ದರೆ ತಂತಿ ಕಡಿದಿದೆ ಎಂದೇ ಅರ್ಥ.

ನಾಲ್ಕನೆಯ ಸಾಧ್ಯತೆಯಲ್ಲಿ ಒತ್ತಡ ಸರಿಯಾಗಿ ಏರುತ್ತಿರುವಾಗಲೇ ವಾಲ್ವ್ ಮುಚ್ಚತೊಡಗುತ್ತದೆ, ಆ ಬಳಿಕ ಒತ್ತಡ ಇಳಿಯುತ್ತದೆ. ಹಾಗಾದರೆ ಇಂಜಿನ್ ತಾನಾಗಿ ಆರಿದ್ದಲ್ಲ, ಅದನ್ನು ಆರಿಸಲಾಗಿದೆ. ಉಳಿಯುವ ಪ್ರಶ್ನೆ, ಆರಿಸಿದ್ದು ಯಾರು ಎಂಬುದು.

ಆರಿಸಿದವರು ಯಾರು

ಮನುಷ್ಯರನ್ನು ಹೊರುವ ನೌಕೆಯ ಇಂಜಿನ್‌ನಲ್ಲಿ ವಾಲ್ವ್ ತೆರೆದಿರಲು ಹಲವು ಒಪ್ಪಿಗೆಗಳು ಏಕಕಾಲಕ್ಕೆ ಇರಬೇಕಾಗುತ್ತದೆ. ಪೈಲಟ್‌ನ ಸ್ವಿಚ್, ಇಂಜಿನ್ ಮೇಲೆ ಕಣ್ಣಿಟ್ಟಿರುವ ಕಂಪ್ಯೂಟರಿನ ‘ನಾನು ಎಚ್ಚರವಾಗಿದ್ದೇನೆ’ ಎಂಬ ನಿರಂತರ ಸಂಕೇತ, ಸಾಕಷ್ಟು ವೋಲ್ಟೇಜ್, ಮಿತಿಯೊಳಗಿನ ಒತ್ತಡ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ವಾಲ್ವ್ ಮುಚ್ಚಿಕೊಳ್ಳುತ್ತದೆ. ಸ್ಥಾವರದ ಇಂಟರ್‌ಲಾಕ್ ಕೂಡ ಇದೇ ತತ್ವದ್ದು. ಆದ್ದರಿಂದ ‘ಕಂಪ್ಯೂಟರ್ ಇಂಜಿನ್ ನಿಲ್ಲಿಸಿತು’ ಎಂಬ ವಾಕ್ಯವನ್ನು ವರದಿಯಲ್ಲಿ ಬರೆಯುವ ಮುನ್ನ ಎರಡನ್ನು ಬೇರ್ಪಡಿಸಬೇಕು. ಕಂಪ್ಯೂಟರ್ ಏನೋ ಅಪಾಯವನ್ನು ಕಂಡು ನಿಲ್ಲಿಸುವ ಆದೇಶ ಕೊಟ್ಟಿತೇ, ಅಥವಾ ಕಂಪ್ಯೂಟರೇ ಮೂರ್ಛೆ ಹೋದದ್ದರಿಂದ ಸಂಕೇತ ನಿಂತು ವಾಲ್ವ್ ಮುಚ್ಚಿತೇ? ಮೊದಲನೆಯದರಲ್ಲಿ ತನಿಖೆ ಇಂಜಿನ್ನಿನ ಕಡೆ ತಿರುಗುತ್ತದೆ, ಎರಡನೆಯದರಲ್ಲಿ ವಿದ್ಯುತ್ ವ್ಯವಸ್ಥೆಯ ಕಡೆ.

ಯೂನಿಟಿಯಲ್ಲಿ ಆದದ್ದು ಎರಡನೆಯದು. ಇಂಜಿನ್ ಮೇಲೆ ನಿಗಾ ಇಡುವ ಕಂಪ್ಯೂಟರಿನ ಸಂಪರ್ಕ ತಪ್ಪಿದ್ದರಿಂದ ಸುರಕ್ಷತಾ ವ್ಯವಸ್ಥೆ ದಹನವನ್ನು ನಿಲ್ಲಿಸಿತು. ವಿದ್ಯುತ್ಕಾಂತೀಯ ಅಡಚಣೆಯಿಂದ ಆ ಕಂಪ್ಯೂಟರ್ ರೀಸ್ಟಾರ್ಟ್ ಆಗಿತ್ತು, ಅಡಚಣೆಯ ಮೂಲ ಹೊಸದಾಗಿ ಅಳವಡಿಸಿದ ಹಾರಾಟ ನಿಯಂತ್ರಣ ವ್ಯವಸ್ಥೆಯಲ್ಲಿತ್ತು. ಇಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಈ ಪ್ರಕರಣವನ್ನು ಓದಿದವರು ಒಂದು ಅಭ್ಯಾಸವನ್ನಂತೂ ರೂಢಿಸಿಕೊಳ್ಳಬೇಕು: ದೋಷ ಕಂಡಾಗ, ಹಿಂದಿನ ಯಶಸ್ವಿ ಹಾರಾಟದ ನಂತರ ನೌಕೆಯಲ್ಲಿ ಏನೇನು ಬದಲಾಗಿದೆ ಎಂಬ ಪಟ್ಟಿಯನ್ನು ಮೊದಲು ತರಿಸಿಕೊಳ್ಳುವುದು. ‘ಅದಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಯಾರಾದರೂ ಹೇಳುವ ಬದಲಾವಣೆಗಳನ್ನು ಪಟ್ಟಿಯ ಮೇಲ್ತುದಿಯಲ್ಲಿಡಬೇಕು.

ಕಂಪ್ಯೂಟರ್ ರೀಸ್ಟಾರ್ಟ್ ಆಗಲು ಮುಖ್ಯವಾಗಿ ಮೂರು ದಾರಿಗಳಿವೆ, ಮೂರೂ ಬೇರೆ ಬೇರೆ ಗುರುತು ಬಿಟ್ಟುಹೋಗುತ್ತವೆ. ವೋಲ್ಟೇಜ್ ಕುಸಿದಿದ್ದರೆ ವಿದ್ಯುತ್ ಗೆರೆಯಲ್ಲಿ ಗುಳಿ ಕಾಣಬೇಕು, ಅದೇ ಲೈನಿನಲ್ಲಿರುವ ಬೇರೆ ಸಾಧನಗಳೂ ತಡವರಿಸಿರಬೇಕು. ತಂತ್ರಾಂಶ ಸಿಕ್ಕಿಹಾಕಿಕೊಂಡು, ಅದರ ಮೇಲೆ ಕಾವಲಿರುವ ಟೈಮರ್ ಆದ ವಾಚ್‌ಡಾಗ್ ಅದನ್ನು ಎಬ್ಬಿಸಿದ್ದರೆ ರೀಸ್ಟಾರ್ಟ್‌ನ ಕಾರಣಸಂಖ್ಯೆಯಲ್ಲಿ ಅದು ಬರೆದಿರುತ್ತದೆ. ಹೊರಗಿನ ವಿದ್ಯುತ್ಕಾಂತೀಯ ಅಡಚಣೆ, ಅಂದರೆ ‘ಗದ್ದಲ’, ತಂತಿಯ ಮೂಲಕ ಒಳನುಗ್ಗಿ ರೀಸೆಟ್ ಮಾಡಿಸಿದ್ದರೆ ವೋಲ್ಟೇಜ್ ನೆಟ್ಟಗಿರುತ್ತದೆ, ತಂತ್ರಾಂಶದ ದಾಖಲೆ ಯಾವ ದೂರೂ ಇಲ್ಲದೆ ಅರ್ಧಕ್ಕೇ ಮುಗಿದಿರುತ್ತದೆ. ಇಗ್ನೈಟರ್ ಹೊತ್ತುವ ಕ್ಷಣದಲ್ಲಿ ಭಾರಿ ವಿದ್ಯುತ್ ಒಮ್ಮೆಗೇ ಹರಿಯುವುದರಿಂದ ಮೊದಲನೆಯ ಮತ್ತು ಮೂರನೆಯ ಸಾಧ್ಯತೆಗಳು ಒಂದೇ ಹೊತ್ತಿಗೆ ಎದುರಾಗುತ್ತವೆ. ಇಗ್ನೈಟರಿನ ಜಾಗದಲ್ಲಿ ಅಷ್ಟೇ ವಿದ್ಯುತ್ ಎಳೆಯುವ ಲೋಡನ್ನು ಕೂರಿಸಿ ನೆಲದ ಮೇಲೆ ಪರೀಕ್ಷಿಸಿದರೆ ಇವೆರಡನ್ನೂ ಬೇರ್ಪಡಿಸಬಹುದು.

ಅಡಚಣೆ ಎಷ್ಟು ಸುಲಭವಾಗಿ ಒಳನುಗ್ಗುತ್ತದೆ ಎಂಬುದನ್ನು ಟರ್ಬೈನ್ ಹಾಲ್‌ನಲ್ಲಿ ಕೆಲಸ ಮಾಡಿದವರು ಕಂಡಿರುತ್ತಾರೆ. ಕಂಪನ ಅಳೆಯುವ ಪ್ಯಾನೆಲ್ಲಿನ ಬಾಗಿಲು ತೆರೆದಿರುವಾಗ ಪಕ್ಕದಲ್ಲಿ ನಿಂತವರು ವಾಕಿ-ಟಾಕಿಯ ಗುಂಡಿ ಒತ್ತಿದರೆ, ಯಂತ್ರ ಅಲುಗದಿದ್ದರೂ ಮೀಟರಿನ ಅಂಕಿ ಜಿಗಿಯುತ್ತದೆ. ಗುಂಡಿ ಬಿಟ್ಟರೆ ಮೊದಲಿನ ಸ್ಥಿತಿಗೆ ಬರುತ್ತದೆ. ಆ ಜಿಗಿತ ಟ್ರಿಪ್ ಮಿತಿಯನ್ನು ದಾಟಿದರೆ ಆರೋಗ್ಯವಾಗಿರುವ ಟರ್ಬೈನೇ ನಿಲ್ಲುತ್ತದೆ. ಪ್ಯಾನೆಲ್ ಬಳಿ ವಾಕಿ-ಟಾಕಿ ಬಳಸಬಾರದೆಂಬ ಸೂಚನೆ ಗೋಡೆಯ ಮೇಲೆ ಇರುವುದು ಅದಕ್ಕೇ.

ಸ್ಥಾವರದಲ್ಲಿ ಕಲಿತ ಒಂದು ರೂಢಿಯನ್ನು ಮಾತ್ರ ಇಲ್ಲಿಗೆ ಹಾಗೇ ತರಬಾರದು. ನಾವು ಸಿಗ್ನಲ್ ಕೇಬಲಿನ ಶೀಲ್ಡನ್ನು, ಅಂದರೆ ಗದ್ದಲ ತಡೆಯಲು ತಂತಿಗಳ ಸುತ್ತ ಹೊದಿಸಿದ ಲೋಹದ ಹೊದಿಕೆಯನ್ನು, ಒಂದೇ ತುದಿಯಲ್ಲಿ ಅರ್ಥ್ ಮಾಡುತ್ತೇವೆ. ಎರಡೂ ಕಡೆ ಮಾಡಿದರೆ ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸದಿಂದ 50 ಹರ್ಟ್ಸ್‌ನ ವಿದ್ಯುತ್ ಶೀಲ್ಡಿನಲ್ಲೇ ಹರಿದು ಸಂಕೇತವನ್ನು ಕೆಡಿಸುತ್ತದೆ. ಕಂಪ್ಯೂಟರ್ ಹೊಮ್ಮಿಸುವ ಮೆಗಾಹರ್ಟ್ಸ್ ಮಟ್ಟದ ಗದ್ದಲಕ್ಕೆ ಈ ನಿಯಮ ಒಗ್ಗುವುದಿಲ್ಲ. ಅಷ್ಟು ವೇಗದ ಕಂಪನಕ್ಕೆ ಒಂದೇ ತುದಿಯಲ್ಲಿ ಕಟ್ಟಿದ ಶೀಲ್ಡ್ ಆಂಟೆನಾದಂತೆ ವರ್ತಿಸುತ್ತದೆ. ವಿಮಾನಗಳಲ್ಲಿ ಶೀಲ್ಡನ್ನು ಎರಡೂ ತುದಿಯಲ್ಲಿ, ಕನೆಕ್ಟರಿನ ಸುತ್ತ ಪೂರ್ತಿ ಬಳಸಿ ಬಂಧಿಸುವುದು ಇದಕ್ಕಾಗಿ. ಮೇಲಾಗಿ ಯೂನಿಟಿಯ ಮೈ ಕಾರ್ಬನ್ ನಾರಿನ ಸಂಯೋಜಿತ ವಸ್ತುವಿನದು (ಕಾಂಪೊಸಿಟ್). ಅಲ್ಯೂಮಿನಿಯಂ ಮೈಯ ವಿಮಾನಕ್ಕೆ ಪುಕ್ಕಟೆಯಾಗಿ ಸಿಗುವ ಒಳ್ಳೆಯ ಅರ್ಥ್ ಮತ್ತು ತಡೆ ಅಂಥ ಮೈಯಲ್ಲಿ ಸಿಗುವುದಿಲ್ಲ. ಬಂಧನದ ಪಟ್ಟಿಗಳನ್ನು ಒಂದೊಂದಾಗಿ ಯೋಜಿಸಿ ಹಾಕಬೇಕು, ಪ್ರತಿ ಸಲ ಪ್ಯಾನೆಲ್ ಬಿಚ್ಚಿ ಹಾಕಿದ ಮೇಲೂ ಅವುಗಳ ರೋಧವನ್ನು ಮಿಲಿಓಮ್ ಮೀಟರಿನಿಂದ ಅಳೆಯಬೇಕು.

ನೆಲದ ಮೇಲೆ ದೋಷವನ್ನು ಮತ್ತೆ ಬರಿಸುವುದು

ಹ್ಯಾಂಗರಿನಲ್ಲಿ ಮುಚ್ಚಳಗಳನ್ನು ತೆರೆದಿಟ್ಟು, ಹೊರಗಿನ ವಿದ್ಯುತ್ ಕೊಟ್ಟು, ರೇಡಿಯೋಗಳನ್ನು ಆರಿಸಿ ಮಾಡುವ ಪರೀಕ್ಷೆಯಲ್ಲಿ ಈ ದೋಷ ಕಾಣಿಸದೇ ಹೋದರೆ ಆಶ್ಚರ್ಯವಿಲ್ಲ. ನೌಕೆ ತನ್ನ ಬ್ಯಾಟರಿಯ ಮೇಲೆ ಇರಬೇಕು, ಕೇಬಲ್‌ಗಳು ಹಾರಾಟದಲ್ಲಿದ್ದ ದಾರಿಯಲ್ಲೇ ಇರಬೇಕು, ಮುಚ್ಚಳಗಳು ಮುಚ್ಚಿರಬೇಕು, ರೇಡಿಯೋ, ಟೆಲಿಮೆಟ್ರಿ, ಕ್ಯಾಮೆರಾಗಳೆಲ್ಲ ಚಾಲೂ ಇರಬೇಕು. ಆಗ ದೋಷ ಬಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಯಾವುದರಿಂದ ಹೋಯಿತು ಎಂದು ನೋಡಬೇಕು. ಒಂದೇ ದಿನ ಮೂರು ಕೇಬಲ್ ಬದಲಿಸಿ ದೋಷ ಹೋಯಿತೆಂದು ಸಂತೋಷಪಟ್ಟವರ ಬಳಿ ಕಾರಣ ಇರುವುದಿಲ್ಲ.

ದೋಷ ಮರಳಿ ಬಾರದಿದ್ದರೆ ಅದು ಸರಿಹೋಯಿತೆಂದು ತಿಳಿಯಬಾರದು. ಆಗಾಗ ಕಾಣಿಸಿಕೊಳ್ಳುವ ದೋಷಕ್ಕೆ ಗದ್ದಲವನ್ನು ಉದ್ದೇಶಪೂರ್ವಕವಾಗಿ ಹೆಚ್ಚಿಸುತ್ತ ಹೋಗಿ, ಕಂಪ್ಯೂಟರ್ ಯಾವ ಮಟ್ಟದಲ್ಲಿ ಸೋಲುತ್ತದೆ, ಹಾರಾಟದ ನಿಜವಾದ ಗದ್ದಲಕ್ಕೂ ಆ ಮಟ್ಟಕ್ಕೂ ಎಷ್ಟು ಅಂತರವಿದೆ ಎಂದು ಅಳೆಯುವುದೇ ಸರಿಯಾದ ದಾರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂಜಿನ್ ಚೆನ್ನಾಗಿದೆ, ಇಂಟರ್‌ಲಾಕ್ ಸುಮ್ಮನೆ ಟ್ರಿಪ್ ಮಾಡಿಸುತ್ತಿದೆ ಎಂದು ಗೊತ್ತಾದ ಕೂಡಲೇ ಅದನ್ನು ಬೈಪಾಸ್ ಮಾಡೋಣ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಉತ್ಪಾದನೆ ನಿಂತಿರುವ ಯಾವ ಕಾರ್ಖಾನೆಯಲ್ಲೂ ಈ ಒತ್ತಡ ಇರುತ್ತದೆ. ಆದರೆ ಆ ದಿನ ಕಂಪ್ಯೂಟರಿನ ನಿಗಾ ಇಲ್ಲದೆ ಇಂಜಿನ್ ಉರಿಯದಂತೆ ತಡೆದದ್ದು ಅದೇ ಇಂಟರ್‌ಲಾಕ್. ಸಂಕೇತ ಒಮ್ಮೆ ತಪ್ಪಿದರೆ ತಾಳಿಕೊಂಡು, ಮೂರು ಸಲ ತಪ್ಪಿದರೆ ಮಾತ್ರ ನಿಲ್ಲಿಸುವಂತೆ ತಡೆಯ ಅವಧಿಯನ್ನು ಹೆಚ್ಚಿಸಬಹುದೇ ಎಂದು ಕೇಳುವುದು ತಪ್ಪಲ್ಲ. ಆ ಹೆಚ್ಚುವರಿ ಅವಧಿಯಲ್ಲಿ ಕೋಷ್ಠದ ಒತ್ತಡ ಗರಿಷ್ಠ ಎಷ್ಟು ಏರಬಹುದು ಎಂಬ ಲೆಕ್ಕ ಕೈಯಲ್ಲಿ ಇಲ್ಲದೆ ಅದಕ್ಕೆ ಒಪ್ಪಿಗೆ ಕೊಡುವುದು ತಪ್ಪು.

ಗುಮಾನಿ ದಾರಿ ತಪ್ಪಿಸಿದ ಪ್ರಕರಣ, ದಾರಿ ತೋರಿದ ಪ್ರಕರಣ

2014ರ ಅಕ್ಟೋಬರ್ 31ರಂದು ಯೂನಿಟಿಗಿಂತ ಮೊದಲು ಅದೇ ಮಾದರಿಯಲ್ಲಿ ಕಟ್ಟಿದ್ದ ವಿಎಸ್‌ಎಸ್ ಎಂಟರ್‌ಪ್ರೈಸ್ ನೌಕೆ ಇಂಜಿನ್ ಹೊತ್ತಿದ ಕೆಲವೇ ಸೆಕೆಂಡುಗಳಲ್ಲಿ ಗಾಳಿಯಲ್ಲೇ ಛಿದ್ರವಾಗಿ, ಸಹಪೈಲಟ್ ಮೈಕೆಲ್ ಆಲ್ಸ್‌ಬರಿ ಸತ್ತರು, ಪೈಲಟ್ ಪೀಟರ್ ಸೀಬೋಲ್ಡ್ ಗಾಯಗೊಂಡು ಬದುಕಿದರು. ಆ ಹಾರಾಟದಲ್ಲಿ ಇಂಜಿನ್ನಿಗೆ ಹೊಸ ಬಗೆಯ ಇಂಧನ ಹಾಕಿದ್ದರಿಂದ ಎಲ್ಲರ ಗುಮಾನಿ ಇಂಜಿನ್ ಮೇಲೆ ಹೋಯಿತು. ಅವಶೇಷಗಳಲ್ಲಿ ಇಂಜಿನ್ ಮತ್ತು ಟ್ಯಾಂಕುಗಳು ಸುಟ್ಟು ತೂತಾಗದೆ ಇಡಿಯಾಗಿ ಸಿಕ್ಕಿದವು. ಮರಳುವಾಗ ಬಾಲವನ್ನು ಮೇಲಕ್ಕೆ ಮಡಚುವ ‘ಫೆದರ್’ ವ್ಯವಸ್ಥೆಯ ಬೀಗವನ್ನು ಧ್ವನಿವೇಗದ 1.4 ಪಟ್ಟು ತಲುಪಿದ ಮೇಲೆ ತೆಗೆಯಬೇಕಿತ್ತು, ಸುಮಾರು 0.8 ಪಟ್ಟಿನಲ್ಲೇ ತೆಗೆಯಲಾಗಿತ್ತು. ಗಾಳಿಯ ಒತ್ತಡವೇ ಬಾಲವನ್ನು ಎತ್ತಿಬಿಟ್ಟಿತು. ತನಿಖೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮೆಚ್ಚಬೇಕಾದ ಸಂಗತಿ. ಒಬ್ಬ ಮನುಷ್ಯನ ಒಂದು ತಪ್ಪು ಮಹಾದುರಂತವಾಗದಂತೆ ತಡೆಯುವ ವ್ಯವಸ್ಥೆಯನ್ನು ವಿನ್ಯಾಸ ಮಾಡಿದವರು ಇಡಲಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2015ರಲ್ಲಿ ಹೇಳಿತು. ಬದಲಾವಣೆಗಳ ಪಟ್ಟಿ ತನಿಖೆಯನ್ನು ಆರಂಭಿಸಲು ಒಳ್ಳೆಯದು, ಆದರೆ ಅದೇ ತೀರ್ಪಾಗಬಾರದು.

2022ರ ಸೆಪ್ಟೆಂಬರ್ 12ರಂದು ಬ್ಲೂ ಒರಿಜಿನ್ ಕಂಪನಿಯ ನ್ಯೂ ಶೆಪರ್ಡ್ ರಾಕೆಟ್ಟಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಉಡಾವಣೆಯಾಗಿ ಒಂದು ನಿಮಿಷ ದಾಟಿದ ಮೇಲೆ ಪಾರುಗಾಣಿಸುವ ವ್ಯವಸ್ಥೆ ಕ್ಯಾಪ್ಸೂಲನ್ನು ರಾಕೆಟ್ಟಿನಿಂದ ಸಿಡಿಸಿ ದೂರ ಒಯ್ದಿತು. ಜನರಿಲ್ಲದ ಹಾರಾಟ ಅದು. ಕ್ಯಾಪ್ಸೂಲ್ ಸುರಕ್ಷಿತವಾಗಿ ಇಳಿಯಿತು, ರಾಕೆಟ್ ನಾಶವಾಯಿತು. ಇಲ್ಲಿ ರಕ್ಷಣಾ ವ್ಯವಸ್ಥೆ ನಿಜವಾದ ದೋಷವನ್ನೇ ಕಂಡಿತ್ತು. ಇಂಜಿನ್ನಿನ ಬಿಸಿ ಅನಿಲ ಹೊರಚಿಮ್ಮುವ ಬಾಯಿಯಾದ ನಾಝಲ್‌ನ ವಿನ್ಯಾಸದಲ್ಲಿ ಮಾಡಿದ ಬದಲಾವಣೆಗಳಿಂದ ಅದರ ತಾಪಮಾನ ಅಂದಾಜಿಗಿಂತ ಹೆಚ್ಚಾಗಿ, ಬಿಸಿಗೆ ಅದು ಸೋತಿತ್ತು. 2023ರ ಡಿಸೆಂಬರಿನಲ್ಲಿ ಹಾರಾಟ ಮತ್ತೆ ಶುರುವಾಯಿತು. ಕೃಷ್ಣೆಯ ಕೆಳಹರಿವಿನ ವಿಜಯವಾಡದಲ್ಲಿ ಹುಟ್ಟಿದ ಗೋಪಿಚಂದ್ ತೋಟಕೂರ 2024ರ ಮೇ 19ರಂದು ಇದೇ ಬಗೆಯ ವಾಹನದಲ್ಲಿ ಹೋಗಿಬಂದರು. ಆ ದಿನ ಕ್ಯಾಪ್ಸೂಲಿನ ಮೂರು ಪ್ಯಾರಾಚೂಟ್‌ಗಳಲ್ಲಿ ಒಂದು ಪೂರ್ತಿ ಅರಳಲಿಲ್ಲ, ಉಳಿದ ಎರಡರ ಮೇಲೆ ಆರೂ ಮಂದಿ ಕ್ಷೇಮವಾಗಿ ಇಳಿದರು. ಕ್ಷೇಮವಾಗಿ ಇಳಿದ ಹಾರಾಟವನ್ನೂ ದೋಷದ ಪಟ್ಟಿಗೆ ಸೇರಿಸಿ ತನಿಖೆ ಮಾಡಬೇಕೆಂಬುದಕ್ಕೆ ಇದು ತಕ್ಕ ನಿದರ್ಶನ.

ದೋಷವನ್ನು ಮುಚ್ಚುವ ಮೊದಲು

ಯೂನಿಟಿ ಮತ್ತೆ ಹಾರಲು ಐದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. 2021ರ ಫೆಬ್ರವರಿಯಲ್ಲಿ ಹಾರುವ ಯೋಜನೆ ಇತ್ತು, ಅಡಚಣೆಯ ಸಮಸ್ಯೆ ಪೂರ್ತಿ ಬಗೆಹರಿದಿಲ್ಲವೆಂದು ಅದನ್ನು ಮುಂದೂಡಲಾಯಿತು. ಮೇ 22ರಂದು ಅದೇ ಇಬ್ಬರು ಪೈಲಟ್‌ಗಳು ನೌಕೆಯನ್ನು ಸುಮಾರು 89.2 ಕಿಲೋಮೀಟರ್ ಎತ್ತರಕ್ಕೆ ಒಯ್ದರು. ಟಿಕೆಟ್ ಕೊಂಡವರು ವರ್ಷಗಟ್ಟಲೆ ಕಾಯುತ್ತಿದ್ದರೂ ಫೆಬ್ರವರಿಯ ದಿನಾಂಕವನ್ನು ಬಿಟ್ಟುಕೊಟ್ಟದ್ದು ಸರಿಯಾದ ತೀರ್ಮಾನವೆಂದೇ ನಾನು ನಂಬುತ್ತೇನೆ.

ದುರಸ್ತಿಯ ನಂತರ ನೇರವಾಗಿ ಇಂಜಿನ್ ಹೊತ್ತಿಸಲು ಹೋಗಬಾರದು. ಮೊದಲು ನೆಲದ ಮೇಲೆ ಪೂರ್ಣ ಪರೀಕ್ಷೆ, ಆಮೇಲೆ ನೌಕೆಯನ್ನು ಬಿಡುಗಡೆ ಮಾಡದೆ ವಾಹಕ ವಿಮಾನದ ಜೊತೆಯಲ್ಲೇ ಎತ್ತರಕ್ಕೆ ಒಯ್ದು ಎಲ್ಲ ಸಾಧನಗಳನ್ನೂ ಚಾಲೂ ಇಟ್ಟು ತರುವ ಹಾರಾಟ, ಆ ಬಳಿಕವೇ ಬಿಡುಗಡೆ. ಪ್ರತಿ ಹಂತದಲ್ಲೂ ಆ ಕಂಪ್ಯೂಟರಿನ ರೀಸ್ಟಾರ್ಟ್ ಸಂಖ್ಯೆಯನ್ನು ಹಾರಾಟಕ್ಕೆ ಮುಂಚೆ ಮತ್ತು ನಂತರ ಲಾಗ್‌ಶೀಟಿನಲ್ಲಿ ಬರೆದು ಸಹಿ ಮಾಡಬೇಕು. ವರದಿಯಲ್ಲಿ ‘ಕೇಬಲ್ ಬದಲಿಸಲಾಗಿದೆ, ಸಮಸ್ಯೆ ಪರಿಹಾರವಾಗಿದೆ’ ಎಂದು ಬರೆದರೆ ದೋಷವನ್ನು ಮುಚ್ಚಲು ಒಪ್ಪಬಾರದು. ಗದ್ದಲದ ಮೂಲ ಯಾವುದು, ಅದು ಯಾವ ದಾರಿಯಲ್ಲಿ ಬಂತು, ಕಂಪ್ಯೂಟರಿನ ಯಾವ ಭಾಗ ಸೋತಿತು, ದೋಷವನ್ನು ಬೇಕೆಂದಾಗ ಬರಿಸಿ ಬೇಕೆಂದಾಗ ತಡೆಯಲು ಸಾಧ್ಯವಾಯಿತೇ, ಅದೇ ಬಗೆಯ ತಂತಿಜೋಡಣೆ ನೌಕೆಯಲ್ಲಿ ಇನ್ನೆಲ್ಲಿದೆ ಎಂಬ ಐದಕ್ಕೂ ಅಳತೆಗಳ ಸಮೇತ ಉತ್ತರ ಬರೆದಿರಬೇಕು. ಐದರಲ್ಲಿ ಒಂದು ಖಾಲಿ ಇದ್ದರೂ ವರದಿಯನ್ನು ಬರೆದವರಿಗೆ ಹಿಂತಿರುಗಿಸಬೇಕು.